ಪುಂಡಿಪಲ್ಯೆದ ಲೆಕ್ಕ

1956ರ ತನಕ ಗದ್ವಾಲ ರಾಯಚೂರು ಜಿಲ್ಲೆಯೊಳಗಿತ್ತು. ಗಡಿ ಬದಲಾಯಿತು, ಊಟ ಬದಲಾಗಲಿಲ್ಲ. ಮಕ್ತಲ್, ನಾರಾಯಣಪೇಟೆ ಕಡೆ ಈಗಲೂ ಜೋಳದ ರೊಟ್ಟಿ ಜೊತೆ ಪುಂಡಿಪಲ್ಯೆ ಇರಬೇಕು. ನಮ್ಮವ್ವ ಅದನ್ನು ತೊಗರಿ ಹೊಲದ ಬದಿಗೆ ಬೆಳೆಯುತ್ತಿದ್ದಳು. ಖರ್ಚು ಕೇಳಿದರೆ, "ಬೀಜ ಮನೀದು, ಗೊಬ್ಬರ ತಿಪ್ಪೀದು, ಖರ್ಚೆಲ್ಲಿ ಬಂತಪಾ?" ಅನ್ನೋಳು. ಕಳೆ ಕಿತ್ತದ್ದು, ಬುಟ್ಟಿ ಹೊತ್ತು ಸಂತೆಗೆ ನಡೆದದ್ದು, ಉಳಿದ ಚವಳಿಕಾಯಿ ಬೇಸಿಗೆಗೆಂದು ಒಣಗಿಸಿಟ್ಟದ್ದು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಶಾಲೆಯಲ್ಲಿ ಲೆಕ್ಕ ಕಲಿಸುವ ನನಗೂ ಹೊಳೆಯಲಿಲ್ಲ ಅನ್ನಿ.

1965ರಲ್ಲಿ ಶುರುವಾದ ಕೃಷಿ ಬೆಲೆ ಆಯೋಗ ಈಗ ಬೆಳೆಯ ಖರ್ಚು ಲೆಕ್ಕ ಹಾಕುವಾಗ ಮನೆಮಂದಿಯ ದುಡಿಮೆಗೂ ಕೂಲಿ ಹಿಡಿಯುತ್ತದೆ. ಆದರೆ ಬೆಂಬಲ ಬೆಲೆ ಜೋಳಕ್ಕುಂಟು, ತೊಗರಿಗುಂಟು, ಪಲ್ಯೆಕ್ಕಿಲ್ಲ. ಸಂಜೆಗೆ ಬಾಡುವ ಸೊಪ್ಪು ಕೇಳಿದ ಬೆಲೆಗೇ ಹೋಗಬೇಕು. ಅವ್ವ ಹಾಗೇ ಕೊಟ್ಟು, ಉಪ್ಪು ತಗೊಂಡು ಬರೋಳು.