ಗುರಿಯ ಕ್ಯಾಮೆರಾಕ್ಕೆ ಎಷ್ಟು ಚುರುಕು?

ಮರವಂತೆಯ ಕಡಲದಂಡೆಯಲ್ಲಿ ನಿಂತು ದೂರದ ದೋಣಿಯೊಂದನ್ನು ದುರ್ಬೀನಿನಲ್ಲಿ ಹಿಡಿದಿಡಲು ಪ್ರಯತ್ನಿಸಿ. ಕೈ ತುಸು ಅಲುಗಿದರೂ ದೋಣಿ ನೋಟದಿಂದ ಜಾರುತ್ತದೆ. ಯುದ್ಧ ಹೆಲಿಕಾಪ್ಟರಿನಲ್ಲಿ ಗುರಿ ಹಿಡಿಯುವವನಿಗೂ ಇದೇ ತೊಡಕು.

ನೆಲದ ಮೇಲೆಯೇ ಹಾರಾಟ ಕಲಿಸುವ ಮೊದಲ ಯಂತ್ರಗಳಿಗೆ ಈ ಚಿಂತೆ ಇರಲಿಲ್ಲ. ಅಮೆರಿಕದ ಎಡ್ವಿನ್ ಲಿಂಕ್ 1929ರ ವೇಳೆಗೆ ರೂಪಿಸಿದ ಅಣಕು ವಿಮಾನ ತಿದಿಗಳ ಗಾಳಿಯಿಂದ ಓಲಾಡುತ್ತಿತ್ತು. ಆತನ ತಂದೆಯದು ಆರ್ಗನ್ ವಾದ್ಯದ ಕಾರ್ಖಾನೆ! 1934ರಲ್ಲಿ ಅಂಚೆ ಸಾಗಿಸಲು ಹೊರಟ ಹಲವು ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸತ್ತ ಬಳಿಕವಷ್ಟೇ ಅಮೆರಿಕದ ಸೇನೆ ಅಂಥ 6 ಯಂತ್ರಗಳನ್ನು ಕೊಂಡಿತು.

ಕ್ಯಾಮೆರಾ ಬಂದ ಮೇಲೆ ಲೆಕ್ಕ ಬದಲಾಯಿತು. ಪರದೆಯ ಅಗಲ 30 ಡಿಗ್ರಿ ನೋಟವನ್ನು ತೋರುತ್ತಿದೆ ಎನ್ನಿ. ಕ್ಯಾಮೆರಾ 1 ಡಿಗ್ರಿ ತಿರುಗಿದರೆ ಚಿತ್ರ ಪರದೆಯ ಮೂವತ್ತರಲ್ಲಿ ಒಂದು ಪಾಲು ಸರಿಯುತ್ತದೆ. ನೋಟವನ್ನು 1 ಡಿಗ್ರಿಗೆ ಕಿರಿದಾಗಿಸಿದಾಗ ಅದೇ ತಿರುವಿಗೆ ಇಡೀ ಚಿತ್ರವೇ ಮಾಯ! 5 ಕಿಲೋಮೀಟರ್ ದೂರದಲ್ಲಿ ಆ 1 ಡಿಗ್ರಿ ಎಂದರೆ ಸುಮಾರು 87 ಮೀಟರ್. ಆದ್ದರಿಂದ ನೋಟ ಕಿರಿದಾದಷ್ಟೂ ಹಿಡಿಕೆಯ ಸಂವೇದಿತೆಯನ್ನು ಅದೇ ಪ್ರಮಾಣದಲ್ಲಿ ತಗ್ಗಿಸಬೇಕು. ಅರ್ಧ ಒತ್ತಿದರೆ ಅರ್ಧ ವೇಗ ಎಂಬ ಸರಳ ನಿಯಮಕ್ಕಿಂತ, ಅರ್ಧ ಒತ್ತಿಗೆ ಕಾಲು ವೇಗ ಕೊಡುವ ವರ್ಗ ನಿಯಮ ಬೆರಳಿಗೆ ಹಿತ. ಹಾಗೆಂದು ತೀರ ತಗ್ಗಿಸಿದರೆ ಓಡುವ ವಾಹನವನ್ನು ಹಿಂಬಾಲಿಸಲಾಗದು.

ಮೂತಿಯಲ್ಲಿ ಕ್ಯಾಮೆರಾ ಹೊತ್ತ ಎಚ್‌ಎಎಲ್‌ನ ರುದ್ರ ಮೊದಲು ಹಾರಿದ್ದು 2007ರಲ್ಲಿ. 2022ರಲ್ಲಿ ಪ್ರಚಂಡ ಎಂಬ ಹೆಸರಿನಿಂದ ವಾಯುಸೇನೆ ಸೇರಿದ ಹಗುರ ಯುದ್ಧ ಹೆಲಿಕಾಪ್ಟರ್ ಮೊದಲು ಹಾರಿದ್ದು 2010ರಲ್ಲಿ. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕೂಡಿ ಕಟ್ಟಿದ ಹ್ಯಾಟ್ಸಾಫ್ ಎಂಬ ಹೆಲಿಕಾಪ್ಟರ್ ತರಬೇತಿ ಕೇಂದ್ರ ಬೆಂಗಳೂರಿನಲ್ಲಿ ಆರಂಭವಾದದ್ದೂ ಅದೇ 2010ರಲ್ಲಿ. ಅಣಕು ಕೋಣೆಯ ಹಿಡಿಕೆ ನಿಜವಾದದ್ದಕ್ಕಿಂತ ಚುರುಕಾಗಿದ್ದರೆ ಕೈ ಕಲಿಯುವುದು ತಪ್ಪು ಅಭ್ಯಾಸವನ್ನೇ. ಅದು ಬಯಲಾಗುವುದು ಆಕಾಶದಲ್ಲಿ.