ಸಿಸಿಲಿಯಲ್ಲಿ ಏಳು ದಿನ

ಸಿಸಿಲಿ ದ್ವೀಪದಲ್ಲಿ ಏಳು ದಿನ ಕಳೆಯುವುದೆಂದು ಗೊತ್ತಾದ ಮೇಲೆ ಪಟ್ಟಿ ಹಾಕಲು ಕುಳಿತೆ. ಎಟ್ನಾ ಅಗ್ನಿಪರ್ವತಕ್ಕೊಂದು ದಿನ. ಅಗ್ರಿಜೆಂಟೋದ ಗ್ರೀಕ್ ದೇಗುಲಗಳಿಗೊಂದು. ಅರಬ್ ಭೂಗೋಳಜ್ಞ ಇದ್ರೀಸಿಯು ನಾರ್ಮನ್ ದೊರೆ ಎರಡನೆಯ ರೋಜರನಿಗಾಗಿ 1154ರಲ್ಲಿ ಭೂಪಟಗಳ ಮಹಾಗ್ರಂಥವನ್ನು ಮುಗಿಸಿಕೊಟ್ಟ ಪಲೆರ್ಮೊ ನಗರಕ್ಕೆ ಎರಡು. ಮನೆಯವಳ ಬೇಡಿಕೆ ಒಂದೇ, ಸಮುದ್ರಸ್ನಾನ. ಅದಕ್ಕೂ ಎರಡು ಕೊಟ್ಟೆ.

ಸಿರಾಕ್ಯೂಸಿಗೆ ಉಳಿದದ್ದು ಒಂದೇ ದಿನ. ಲೆಕ್ಕ ತಪ್ಪಿದ್ದು ಇಲ್ಲಿಯೇ. ಅಲ್ಲಿಯ ಇಗರ್ಜಿಯ ಗೋಡೆಯೊಳಗೆ ಅಥೀನಾ ದೇವಿಯ ಗುಡಿಯ ಕಂಬಗಳು ಇನ್ನೂ ನಿಂತಿವೆ. ಬೆಳಗೆಲ್ಲ ಅದಕ್ಕೇ ಬೇಕು. ಆರ್ಕಿಮಿಡೀಸನದೆಂದು ತೋರಿಸುವ ಗೋರಿ ಅವನದಲ್ಲ, ರೋಮನರ ಕಾಲದ್ದು, ಬಿಟ್ಟರೆ ನಷ್ಟವಿಲ್ಲ. ಆದರೆ ಕಲ್ಲುಗಣಿಗಳು? ಕ್ರಿ.ಪೂ. 413ರಲ್ಲಿ ಸೋತ ಅಥೆನ್ಸಿನ ಸೈನ್ಯದವರನ್ನು, ಏಳು ಸಾವಿರಕ್ಕೆ ಕಡಮೆಯಿಲ್ಲದಂತೆ, ಅಲ್ಲಿ ಕೂಡಿಹಾಕಿದರೆಂದು ಥ್ಯುಸಿಡಿಡೀಸ್ ಬರೆದಿದ್ದಾನೆ. ಮೇಲೆ ಮಾಡಿಲ್ಲ, ಹಗಲು ಬಿಸಿಲು, ರಾತ್ರಿ ಚಳಿ, ಸತ್ತವರ ಮಗ್ಗುಲಲ್ಲೇ ಬದುಕಿದ್ದವರು. ತಲೆಗೆ ದಿನಕ್ಕೆ ಸುಮಾರು ಕಾಲು ಲೀಟರು ನೀರು, ಅದರ ಇಮ್ಮಡಿ ಧಾನ್ಯ. ಇದು ಎಂಟು ತಿಂಗಳು! ಯುರಿಪಿಡೀಸನ ಪದ್ಯ ಬಾಯಿಗೆ ಬರುತ್ತಿದ್ದ ಕೆಲವರು ಅದರಿಂದಲೇ ಬಿಡುಗಡೆ ಪಡೆದರೆಂದು ಪ್ಲುಟಾರ್ಕನ ಮಾತು. ಊರಿನ ಗಣಿಗಳಲ್ಲೊಂದರಲ್ಲಿ ಈಗ ನಿಂಬೆ, ಕಿತ್ತಳೆಯ ಮರಗಳು ಬೆಳೆದಿವೆ.

ಸಮುದ್ರದ ಒಂದು ದಿನವನ್ನು ಹೊಡೆದುಹಾಕಿ ‘ಗಣಿ’ ಎಂದು ಬರೆದೆ. ಮನೆಯವಳಿಗೆ ಇನ್ನೂ ಹೇಳಿಲ್ಲ.