ಸನ್ನೆ, ಇಂಗಿತ, ದೇಹಭಾಷೆ: ಮೂರು ಪದಗಳ ಚರಿತ್ರೆ

ಉದ್ಯೋಗ ಸಂದರ್ಶನದ ತರಬೇತಿಯಿಂದ ಕ್ರಿಕೆಟ್ ವೀಕ್ಷಕ ವಿವರಣೆಯವರೆಗೆ ಇಂದು ಎಲ್ಲೆಡೆ ಕೇಳಿಬರುವ 'ದೇಹಭಾಷೆ' ಎಂಬ ಪದ ಕನ್ನಡಕ್ಕೆ ಹೊಸದು. ಆದರೆ ಅದು ಸೂಚಿಸುವ ಸಂಗತಿಗೆ ಕನ್ನಡದಲ್ಲಿ ಹೆಸರೇ ಇರಲಿಲ್ಲವೆಂದಲ್ಲ. ಒಂದಕ್ಕಿಂತ ಹೆಚ್ಚು ಹೆಸರುಗಳಿದ್ದವು, ಅವುಗಳ ನಡುವೆ ಅರ್ಥದ ಹಂಚಿಕೆಯೂ ಇತ್ತು. ಆ ಹಂಚಿಕೆ ಹೇಗೆ ರೂಪುಗೊಂಡಿತು, ಹೇಗೆ ಮಸುಕಾಯಿತು ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

'ಸನ್ನೆ'ಯು ಸಂಸ್ಕೃತದ 'ಸಂಜ್ಞಾ' ಶಬ್ದದ ತದ್ಭವ. 'ಯಜ್ಞ'ವು 'ಜನ್ನ'ವಾದಂತೆ ಇಲ್ಲಿಯೂ ಜ್ಞಕಾರವು ನಕಾರದ ದ್ವಿತ್ವವಾಗಿದೆ. ಅದೇ ಶಬ್ದವು 'ಸಂಜ್ಞೆ' ಎಂಬ ರೂಪದಲ್ಲಿಯೂ ಉಳಿದಿದೆ. ಒಂದೇ ಮೂಲದ ಈ ಎರಡು ರೂಪಗಳು ಅರ್ಥವನ್ನು ಹಂಚಿಕೊಂಡಿವೆ. ವ್ಯಾಕರಣದ ಸಂಜ್ಞಾಪ್ರಕರಣದಂತಹ ಶಾಸ್ತ್ರೀಯ ಬಳಕೆಗಳು 'ಸಂಜ್ಞೆ'ಯ ಪಾಲಾದರೆ, ಕಣ್ಸನ್ನೆ, ಕೈಸನ್ನೆಗಳು ತದ್ಭವದ ಪಾಲಾದವು. ಸನ್ನೆಯನ್ನು 'ಮಾಡುತ್ತಾರೆ', ಅದು ತಾನಾಗಿ ಆಗುವುದಿಲ್ಲ. ಅದಕ್ಕೆ ಉದ್ದೇಶವುಳ್ಳ ಕರ್ತೃ ಬೇಕು, ಅದನ್ನು ಗ್ರಹಿಸುವ ನೋಡುಗನೂ ಬೇಕು.

ಉದ್ದೇಶವಿಲ್ಲದೆ ಹೊರಬೀಳುವ ಚಲನೆಗೆ ಇದ್ದ ಹೆಸರು 'ಇಂಗಿತ'. ಚಲಿಸು ಎಂಬರ್ಥದ 'ಇಂಗ್' ಧಾತುವಿನಿಂದ ಬಂದ ಪದವಿದು. ಕೌಟಿಲ್ಯನ ಅರ್ಥಶಾಸ್ತ್ರವು ಮಂತ್ರಾಲೋಚನೆಯ ಗುಟ್ಟು ಹೊರಬೀಳುವ ಬಗೆಯನ್ನು ವಿವರಿಸುವಾಗ, ಸಹಜ ವರ್ತನೆಗಿಂತ ಬೇರೆಯಾದ ನಡವಳಿಕೆಯನ್ನು ಇಂಗಿತವೆನ್ನುತ್ತದೆ. ಆದರೆ ಇಂದಿನ ಪತ್ರಿಕೆಗಳಲ್ಲಿ ನಾಯಕರು ಚುನಾವಣೆಗೆ ನಿಲ್ಲುವ ಇಂಗಿತವನ್ನು ಮಾತಿನಲ್ಲಿಯೇ 'ವ್ಯಕ್ತಪಡಿಸು'ತ್ತಾರೆ. ಮನಸ್ಸನ್ನು ಬಯಲುಮಾಡುತ್ತಿದ್ದ ಚಲನೆಯ ಹೆಸರು ಮನಸ್ಸಿನ ಆಶಯಕ್ಕೇ ಸಂದಿತು. ಸೂಚಕದ ಹೆಸರು ಸೂಚಿತಕ್ಕೆ ವರ್ಗಾವಣೆಯಾದ ಈ ಲಕ್ಷಣೆಯಿಂದ ಹಳೆಯ ಅರ್ಥದ ಸ್ಥಾನ ಬಹುಮಟ್ಟಿಗೆ ತೆರವಾಯಿತು.

ಆ ಸ್ಥಾನಕ್ಕೆ ಬಂದದ್ದು ಇಂಗ್ಲಿಷಿನ ಪಡಿಯಚ್ಚಾದ 'ದೇಹಭಾಷೆ'. ರೇ ಬರ್ಡ್‌ವಿಸ್ಟೆಲ್ 1952ರಲ್ಲಿ ಅಂಗಚಲನೆಯ ಅಧ್ಯಯನವನ್ನು ಧ್ವನಿಮಾ ವಿಶ್ಲೇಷಣೆಯ ಮಾದರಿಯಲ್ಲಿ ಕಟ್ಟಲೆತ್ನಿಸಿದರು. 1970ರಲ್ಲಿ ಪ್ರಕಟವಾದ ಜೂಲಿಯಸ್ ಫಾಸ್ಟ್ ಅವರ ಜನಪ್ರಿಯ ಪುಸ್ತಕವು ಇಂಗ್ಲಿಷಿನ ಆ ಪದವನ್ನೇ ಶೀರ್ಷಿಕೆಯಾಗಿಸಿಕೊಂಡಿತು. ಈ ಸಮಾಸದ ಉತ್ತರಪದವು ಒಂದು ವಾದವನ್ನೇ ಒಳಗೊಂಡಿದೆ: ದೇಹಕ್ಕೊಂದು ಭಾಷೆಯಿದೆ, ಆದ್ದರಿಂದ ಅದನ್ನು ಓದಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೆಯ ಪ್ರಕರಣವು ಸಾಕ್ಷಿಯ ಹಾವಭಾವದ ಬಗ್ಗೆ ಅಗತ್ಯವೆನಿಸಿದ ಟಿಪ್ಪಣಿಯನ್ನು ನ್ಯಾಯಾಧೀಶರು ದಾಖಲಿಸಬೇಕೆಂದಿತ್ತು. ಹಿರಿಯರೆದುರು ಕಣ್ಣು ತಗ್ಗಿಸುವುದು ನಮ್ಮ ಹಲವು ಮನೆಗಳಲ್ಲಿ ಮರ್ಯಾದೆ; ಸಿದ್ಧ ನಿಘಂಟನ್ನು ಹಿಡಿದು ಓದುವವರಿಗೆ ಅದೇ ಅಪರಾಧಪ್ರಜ್ಞೆಯಾಗಿ ಕಾಣಬಹುದು.

ಇನ್ನೊಂದು ನಷ್ಟ ಕಿವುಡ ಸಮುದಾಯದ್ದು. 1880ರ ಮಿಲಾನ್ ಸಮ್ಮೇಳನವು ಕಿವುಡರ ಶಿಕ್ಷಣದಲ್ಲಿ ಮಾತಿಗೆ ಪ್ರಾಶಸ್ತ್ಯ ಕೊಟ್ಟು ಸನ್ನೆಯನ್ನು ಹೊರಗಿಟ್ಟಿತು. ವಿಲಿಯಂ ಸ್ಟೋಕೋ 1960ರಲ್ಲಿ ಅಮೆರಿಕನ್ ಸನ್ನೆ ಭಾಷೆಯ ಪ್ರತಿ ಸನ್ನೆಯನ್ನೂ ಕೈಯ ಆಕಾರ, ಸ್ಥಾನ, ಚಲನೆಗಳೆಂದು ವಿಂಗಡಿಸಿ, ಅದು ರಚನೆಯುಳ್ಳ ಭಾಷೆಯೆಂದು ತೋರಿಸಿದರು. ಭಾರತದಲ್ಲಿ ಭಾರತೀಯ ಸನ್ನೆ ಭಾಷೆಗಾಗಿಯೇ ರಾಷ್ಟ್ರೀಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾದದ್ದು 2015ರಲ್ಲಿ. ದೇಹದ ಪ್ರತಿ ಅಲುಗಾಟವೂ 'ಭಾಷೆ'ಯಾದರೆ, ವ್ಯಾಕರಣವುಳ್ಳ ಈ ಭಾಷೆಯೂ ಹಾವಭಾವಗಳ ಗುಂಪಿನಲ್ಲೇ ಸೇರಿಹೋಗುತ್ತದೆ.

'ದೇಹಭಾಷೆ'ಯನ್ನು ಬಳಕೆಯಿಂದ ತೆಗೆಯಬೇಕೆಂಬುದು ನಮ್ಮ ವಾದವಲ್ಲ. ಬಳಕೆ ವಿದ್ವಾಂಸರ ಮಾತನ್ನು ಕೇಳುವುದೂ ಇಲ್ಲ. ಆದರೆ ಪಾರಿಭಾಷಿಕ ಬರವಣಿಗೆಯಲ್ಲಿ ಉದ್ದೇಶಪೂರ್ವಕ ಚಲನೆಗೆ 'ಸನ್ನೆ', ಕಿವುಡರ ಭಾಷೆಗೆ 'ಸನ್ನೆ ಭಾಷೆ', ಉಳಿದದ್ದಕ್ಕೆ 'ದೇಹಭಾಷೆ' ಎಂಬ ವಿಂಗಡಣೆಯನ್ನು ಪಾಲಿಸುವುದು ಸಾಧ್ಯ. ಈ ಮೂರನೆಯದರಲ್ಲಿ 'ಭಾಷೆ' ಎಂಬುದು ರೂಪಕ ಮಾತ್ರವೆಂಬ ಎಚ್ಚರವೂ ಅಗತ್ಯ.